ಮಾಂಟ್ ಬ್ಲಾಂಕ್ ಸುತ್ತಿನ ಓಟಕ್ಕೆ ಗೈಡ್ ಬೇಕೆ? ಬೇಕಾದರೆ ಎಂಥವರು?

ಪ್ರಶ್ನೆ: ನಂದಿಮೆಟ್ಟಿಲು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಂಗಿ ಬರುವ ಜುಲೈ ಮೊದಲ ವಾರದಲ್ಲಿ ಫ್ರಾನ್ಸಿನ ಶಾಮೊನಿಗೆ ಹೋಗಿ, ಮಾಂಟ್ ಬ್ಲಾಂಕ್ ಪರ್ವತವನ್ನು ಬಳಸಿಕೊಂಡು ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್ ಮೂರೂ ದೇಶಗಳನ್ನು ಹಾದುಬರುವ ‘ಟೂರ್ ಡು ಮಾಂಟ್ ಬ್ಲಾಂಕ್’ ದಾರಿಯನ್ನು ಐದು ದಿನಗಳಲ್ಲಿ ಓಡಿ ಮುಗಿಸಬೇಕೆಂದು ಯೋಚಿಸಿದ್ದೇವೆ. ಸುಮಾರು 170 ಕಿಲೋಮೀಟರ್ ಉದ್ದದ, ಒಟ್ಟು ಹತ್ತು ಸಾವಿರ ಮೀಟರ್‌ನಷ್ಟು ಏರು ಮತ್ತು ಅಷ್ಟೇ ಇಳಿವು ಇರುವ ಈ ದಾರಿಯನ್ನು ನಡೆಯುವವರು ಸಾಮಾನ್ಯವಾಗಿ ಹತ್ತು ಹನ್ನೊಂದು ದಿನ ತೆಗೆದುಕೊಳ್ಳುತ್ತಾರೆ.

ನಮ್ಮ ಹಿನ್ನೆಲೆ ಇಷ್ಟು: ಇಬ್ಬರೂ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 50 ಕಿಲೋಮೀಟರ್ ಓಟವನ್ನು ಎರಡು ಬಾರಿ ಪೂರೈಸಿದ್ದೇವೆ. ಕುಕ್ಕೆಯಿಂದ ಕುಮಾರ ಪರ್ವತವನ್ನು ಹತ್ತಿ ಅದೇ ದಿನ ಇಳಿದಿದ್ದೇವೆ. ಭಾನುವಾರಗಳಲ್ಲಿ ಸುಲ್ತಾನ್‌ಪೇಟೆಯ ಕಡೆಯಿಂದ ನಂದಿಯ ಮೆಟ್ಟಿಲುಗಳನ್ನು ಮೂರು ನಾಲ್ಕು ಸಲ ಹತ್ತಿಳಿಯುತ್ತೇವೆ. ಹಿಮವನ್ನು ಇದುವರೆಗೆ ಕಾಲಿನಿಂದ ಮುಟ್ಟಿಲ್ಲ.

ದಾರಿಯುದ್ದಕ್ಕೂ ಫಲಕಗಳಿವೆ, ದಾರಿ ತಪ್ಪುವ ಮಾತೇ ಇಲ್ಲ ಎಂದು ಹಲವರು ಬರೆಯುತ್ತಾರೆ. ಹಾಗಿದ್ದರೆ ಗೈಡ್‌ಗೆ ಹಣ ಕೊಡುವುದು ಯಾವುದಕ್ಕೆ ಎಂಬುದು ನನ್ನ ಮೊದಲ ಸಂಶಯ. ಎರಡನೆಯದಾಗಿ, ಹುಡುಕಲು ಕುಳಿತರೆ ಒಬ್ಬರು ತಮ್ಮನ್ನು ‘ಹೈ ಮೌಂಟನ್ ಗೈಡ್’ ಎನ್ನುತ್ತಾರೆ, ಇನ್ನೊಬ್ಬರು ‘ಮೌಂಟನ್ ಲೀಡರ್’ ಎನ್ನುತ್ತಾರೆ, ಮತ್ತೊಬ್ಬರು ‘ಟ್ರೇಲ್ ಕೋಚ್’ ಎನ್ನುತ್ತಾರೆ, ದರದಲ್ಲಿ ಮಾತ್ರ ಅಜಗಜಾಂತರವಿದೆ. ಇವರಲ್ಲಿ ವ್ಯತ್ಯಾಸವೇನು, ಬೆಂಗಳೂರಿನಲ್ಲಿ ಕುಳಿತು ಅವರ ಅರ್ಹತೆಯನ್ನು ಪರೀಕ್ಷಿಸುವುದು ಹೇಗೆ? ಹೆಣ್ಣುಮಕ್ಕಳಿಬ್ಬರೇ ಗೊತ್ತಿಲ್ಲದ ಬೆಟ್ಟಕ್ಕೆ ಹೋಗುವುದು ಬೇಡವೆಂದು ಅಪ್ಪ ಪಟ್ಟು ಹಿಡಿದಿದ್ದಾರೆ; ಅವರನ್ನು ಸಮಾಧಾನಪಡಿಸಲಿಕ್ಕಾಗಿಯೇ ಗೈಡ್ ಇಟ್ಟುಕೊಳ್ಳುವುದಾದರೆ ಅದು ದುಬಾರಿಯ ಸಮಾಧಾನವೆಂದು ತಂಗಿಯ ವಾದ.

ಉತ್ತರ 1: ಲೆಮಾನ್ ತೀರ (ಲೋಸಾನ್)

ನಮಸ್ಕಾರ. ನಾನು ಸಾಗರದ ಕಡೆಯವನು. ಹನ್ನೊಂದು ವರ್ಷಗಳಿಂದ ಇಲ್ಲಿದ್ದು, ಬೇಸಿಗೆಯ ವಾರಾಂತ್ಯಗಳನ್ನು ಹೆಚ್ಚಾಗಿ ಈ ಬೆಟ್ಟಗಳಲ್ಲೇ ಕಳೆಯುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಿಳಿದರೆ ಮೊದಲನೆಯದು ಅರ್ಧ ಬಗೆಹರಿಯುತ್ತದೆ.

ನೀವು ಹೇಳಿದ ಮೂರೂ ಬೇರೆ ಬೇರೆ ವೃತ್ತಿಗಳು. ಹೈ ಮೌಂಟನ್ ಗೈಡ್ ಎಂದರೆ ಹಗ್ಗ ಕಟ್ಟಿ, ಹಿಮನದಿಯ ಮೇಲೆ, ಬಂಡೆಯ ಮೇಲೆ ಜನರನ್ನು ಕರೆದೊಯ್ಯಲು ತರಬೇತಾದವರು. ಫ್ರಾನ್ಸಿನಲ್ಲಿ ಅವರ ತರಬೇತಿ ಶಾಮೊನಿಯಲ್ಲಿರುವ ರಾಷ್ಟ್ರೀಯ ಸ್ಕೀ ಮತ್ತು ಪರ್ವತಾರೋಹಣ ಶಾಲೆಯಲ್ಲಿ ನಡೆಯುತ್ತದೆ. ಇವರ ಅಂತರರಾಷ್ಟ್ರೀಯ ಒಕ್ಕೂಟ 1965ರಲ್ಲಿ ಸ್ಥಾಪನೆಯಾಯಿತು. ಇಂಗ್ಲಿಷಿನಲ್ಲಿ ಅದನ್ನು ಐಎಫ್‌ಎಂಜಿಎ ಎಂದೂ ಫ್ರೆಂಚಿನಲ್ಲಿ ಯುಐಎಜಿಎಂ ಎಂದೂ ಕರೆಯುತ್ತಾರೆ. ಎರಡೂ ಒಂದೇ ಸಂಸ್ಥೆಯಾದ್ದರಿಂದ ಗೊಂದಲ ಬೇಡ. ಮೌಂಟನ್ ಲೀಡರ್ ಎಂದರೆ ಹಗ್ಗ, ಕ್ರ್ಯಾಂಪಾನ್ (ಶೂಗೆ ಕಟ್ಟುವ ಲೋಹದ ಮುಳ್ಳುಗಳು), ಐಸ್ ಆ್ಯಕ್ಸ್ (ಹಿಮಗೊಡಲಿ) ಬೇಕಾಗದ ಜಾಗಗಳಲ್ಲಿ ಜನರನ್ನು ನಡೆಸುವವರು. ಅವರ ಒಕ್ಕೂಟ ಯುಐಎಂಎಲ್‌ಎ, 2004ರಲ್ಲಿ ಸ್ಥಾಪಿತವಾದದ್ದು. ಹಿಮನದಿಯ ಮೇಲೆ ಕಾಲಿಡಲು ಇವರಿಗೆ ಅಧಿಕಾರವಿಲ್ಲ. ನಿಮ್ಮ ದಾರಿಯ ಮೂಲ ಮಾರ್ಗದಲ್ಲಿ ಎಲ್ಲಿಯೂ ಹಿಮನದಿ ದಾಟುವುದಿಲ್ಲವಾದ್ದರಿಂದ, ಹಿಮ ಕರಗಿದ ಮೇಲೆ ಹೋಗುವುದಾದರೆ ನಿಮಗೆ ಮೌಂಟನ್ ಲೀಡರ್ ಸಾಕು. ಇನ್ನು ‘ಟ್ರೇಲ್ ಕೋಚ್’ ಎಂಬುದು ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ ಹೆಸರು. ನಿಮ್ಮ ತರಬೇತಿಯ ವೇಳಾಪಟ್ಟಿ ಬರೆದುಕೊಡುವುದಕ್ಕೆ ಅವರು ಯೋಗ್ಯರಿರಬಹುದು. ಆದರೆ ಫ್ರಾನ್ಸಿನಲ್ಲಿ ಹಣ ಪಡೆದು ಬೆಟ್ಟದಲ್ಲಿ ಜನರನ್ನು ಕರೆದೊಯ್ಯಲು ಕಾನೂನಿನ ಪ್ರಕಾರ ಸರ್ಕಾರ ಮಾನ್ಯ ಮಾಡಿದ ಡಿಪ್ಲೊಮಾ ಬೇಕೇ ಬೇಕು. ಸ್ವಿಟ್ಜರ್‌ಲೆಂಡಿನಲ್ಲಿಯೂ ಅಪಾಯದ ಹೊರಾಂಗಣ ಚಟುವಟಿಕೆಗಳಿಗೆಂದೇ 2014ರಿಂದ ಕಾನೂನಿದ್ದು, ಪರ್ವತ ಗೈಡ್‌ಗಳು ಪರವಾನಗಿ ಹೊಂದಿರಬೇಕು.

ಪರೀಕ್ಷಿಸುವುದು ಕಷ್ಟವೇನಲ್ಲ. ಫ್ರಾನ್ಸಿನವರಾದರೆ ಅವರ ವೃತ್ತಿ ಗುರುತುಚೀಟಿಯ ಸಂಖ್ಯೆ ಕೇಳಿ. ಐದು ವರ್ಷಕ್ಕೊಮ್ಮೆ ನವೀಕರಿಸುವ ಆ ಚೀಟಿಯ ವಿವರವನ್ನು ಸರ್ಕಾರದ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಅವರಿಗೆ ಯಾವ ವಿಷಯದಲ್ಲಿ ಅರ್ಹತೆ ಇದೆ ಎಂಬುದೂ ಅಲ್ಲಿಯೇ ಕಾಣುತ್ತದೆ. ಅದನ್ನು ಕೇಳಿದ್ದಕ್ಕೆ ನಿಜವಾದ ಗೈಡ್ ಯಾರೂ ಬೇಸರಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಆದರೆ ಈ ಯಾವ ಡಿಪ್ಲೊಮಾವೂ ನಿಮಗೆ ಹೇಳದ ಸಂಗತಿಯೊಂದಿದೆ: ಆ ಮನುಷ್ಯ ಓಡುತ್ತಾರೆಯೇ ಎಂಬುದು. ಇಪ್ಪತ್ತು ವರ್ಷ ಜನರನ್ನು ನಡೆಸಿದ ಒಳ್ಳೆಯ ಲೀಡರ್‌ಗೂ ದಿನಕ್ಕೆ 34 ಕಿಲೋಮೀಟರ್‌ನಂತೆ ಐದು ದಿನ ಓಡುವುದು ಒಗ್ಗದೆ ಇರಬಹುದು. ಓಡುವವರ ಚೀಲ ಚಿಕ್ಕದು, ಬೆವರು ಹೆಚ್ಚು, ನಿಂತೊಡನೆ ಚಳಿ ಹಿಡಿಯುವುದೂ ಬೇಗ. ನಡೆಯುವವರ ಲೆಕ್ಕಾಚಾರ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಆದ್ದರಿಂದ ಹಿಂದಿನ ಬೇಸಿಗೆಯಲ್ಲಿ ಎಷ್ಟು ಬಾರಿ ಓಟಗಾರರನ್ನು ಈ ಸುತ್ತಿಗೆ ಕರೆದೊಯ್ದಿದ್ದೀರಿ ಎಂದು ನೇರವಾಗಿಯೇ ಕೇಳಿಬಿಡಿ.

ಜುಲೈ ಮೊದಲ ವಾರದ ಬಗ್ಗೆ ನನಗೆ ಅಳುಕಿದೆ. ಹಿಮ ಹೆಚ್ಚು ಬಿದ್ದ ವರ್ಷಗಳಲ್ಲಿ ಬೊನೊಮ್ ಪಾಸ್ (ಪಾಸ್ ಎಂದರೆ ಎರಡು ಬೆಟ್ಟಗಳ ನಡುವೆ ದಾಟುವ ಜಾಗ) ಕಡೆಯ ಓರೆದಾರಿಯಲ್ಲಿ, ಅದಕ್ಕಿಂತ ಎತ್ತರದ 2,665 ಮೀಟರಿನ ಫೂರ್ ಪಾಸಿನಲ್ಲಿ ಆ ಹೊತ್ತಿಗೂ ಗಟ್ಟಿ ಹಿಮದ ಹಾಸುಗಳು ಉಳಿದಿರುತ್ತವೆ. ಬೆಳಗಿನ ಹೊತ್ತು ಅದು ಮೊಸಾಯಿಕ್ ನೆಲದಂತೆ ಜಾರುತ್ತದೆ. ಓಟದ ಶೂ ತೊಟ್ಟು ಅಂಥದ್ದರ ಮೇಲೆ ಕಾಲಿಟ್ಟವರು ಜಾರಿದರೆ ನಿಲ್ಲುವುದು ಕೆಳಗಿನ ಕಲ್ಲುರಾಶಿಯಲ್ಲಿಯೇ. ಸಾಧ್ಯವಿದ್ದರೆ ಜುಲೈ ಎರಡನೆಯ ಅರ್ಧಕ್ಕೆ, ಇಲ್ಲವೇ ಸೆಪ್ಟೆಂಬರ್ ಮೊದಲ ವಾರಕ್ಕೆ ಮುಂದೂಡಿ. ಆಗಸ್ಟ್ ಕೊನೆಯ ವಾರ ಬೇಡ. 2003ರಲ್ಲಿ ಆರಂಭವಾದ ಯುಟಿಎಂಬಿ ಎಂಬ ಬೆಟ್ಟದೋಟದ ಸ್ಪರ್ಧೆ ಆಗ ಇದೇ ದಾರಿಯಲ್ಲಿ ನಡೆಯುವುದರಿಂದ ಶಾಮೊನಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಓಡಬಲ್ಲ ಗೈಡ್‌ಗಳೂ ಸಿಗುವುದಿಲ್ಲ.

ಹಣದ ವಿಷಯ: ಖಾಸಗಿಯಾಗಿ ಕರೆದರೆ ಗೈಡ್‌ನ ದರ ತಲೆಗೆ ಇಷ್ಟೆಂದಲ್ಲದೆ ದಿನಕ್ಕೆ ಇಷ್ಟೆಂದು ಇರುತ್ತದೆ, ಇಬ್ಬರಾದರೂ ನಾಲ್ವರಾದರೂ ಹೆಚ್ಚು ಕಡಿಮೆ ಅದೇ. ಅದರ ಮೇಲೆ ಅವರ ಊಟ, ವಸತಿ, ಬಸ್ಸಿನ ಖರ್ಚು ಕರೆದವರದ್ದು. ನಿಮ್ಮ ವೇಗಕ್ಕೆ ಹೊಂದುವ ಇನ್ನಿಬ್ಬರು ಸಿಕ್ಕರೆ ಹೊರೆ ಅರ್ಧವಾಗುತ್ತದೆ. ಹೊಂದದವರನ್ನು ಹಣ ಉಳಿಸಲೆಂದು ಸೇರಿಸಿಕೊಳ್ಳಬೇಡಿ.

ಉತ್ತರ 2: ಶರಾವತಿ ಹಿನ್ನೀರು (ಮ್ಯೂನಿಕ್)

ಮೇಲೆ ಬರೆದವರ ಕೊನೆಯ ವಾಕ್ಯವನ್ನು ನಾನು ಕಲಿತದ್ದು ಚಳಿಯಲ್ಲಿ ನಿಂತು. ಸ್ವಲ್ಪ ದೀರ್ಘವಾದೀತು, ಕ್ಷಮಿಸಿ.

ಮೂರು ವರ್ಷಗಳ ಹಿಂದೆ ಒಂದು ಕಂಪನಿಯ ಮೂಲಕ, ಹೆಸರು ಬೇಡ, ಇದೇ ಸುತ್ತಿನ ಓಟಕ್ಕೆ ಸೇರಿದ್ದೆ. ಆರು ಜನರ ಗುಂಪು, ಒಬ್ಬ ಗೈಡ್. ಆತ ಒಳ್ಳೆಯ ಓಟಗಾರ, ಅದರಲ್ಲಿ ಎರಡು ಮಾತಿಲ್ಲ. ಗುಂಪಿನಲ್ಲಿ ಇಬ್ಬರು ಅವನಷ್ಟೇ ಚುರುಕಾಗಿದ್ದರು, ಇಬ್ಬರು ನಡುವಿನವರು, ನಾನು ಮತ್ತು ಇನ್ನೊಬ್ಬ ಮಹಿಳೆ ಹಿಂದೆ. ಎರಡನೆಯ ದಿನ ಬೆಳಿಗ್ಗೆ ಲೆ ಕೊಂಟಾಮಿನ್‌ನಿಂದ ಹೊರಟು ಲಾ ಬಾಲ್ಮ್ ವಸತಿಗೃಹ ತಲುಪುವಷ್ಟರಲ್ಲಿ ಮಂಜು ಕವಿಯಿತು. ಗೈಡ್ ‘ಬೊನೊಮ್‌ನಲ್ಲಿ ಸಿಗೋಣ’ ಎಂದು ಹೇಳಿ ಮುಂದಿನವರೊಡನೆ ಹೊರಟುಹೋದ.

ಅಲ್ಲಿ ಎರಡು ಬೊನೊಮ್‌ಗಳಿವೆ. ಮೊದಲು ಸಿಗುವುದು 2,329 ಮೀಟರಿನ ಬೊನೊಮ್ ಪಾಸ್. ನಮ್ಮ ಕಡೆ ‘ಕಂಡಿ’ ಎನ್ನುತ್ತೇವಲ್ಲ, ಹಾಗೆ ಎರಡು ಬೆಟ್ಟಗಳ ನಡುವೆ ಗಾಳಿ ನುಗ್ಗುವ ಜಾಗ, ಪಕ್ಕದಲ್ಲಿ ಒಂದು ಪುಟ್ಟ ಮರದ ಆಸರೆ. ಏರು ಮುಗಿಯಿತೆಂದು ಎಲ್ಲರೂ ನಂಬುವುದು ಇಲ್ಲಿಯೇ. ನಿಜದಲ್ಲಿ ಅಲ್ಲಿಂದ ಮುಂದೆ ಬಂಡೆ, ತೊರೆ, ಹಿಮದ ತುಂಡುಗಳ ಓರೆದಾರಿಯಲ್ಲಿ ನಡೆಯುವವರಿಗೆ ಇನ್ನೂ ಮುಕ್ಕಾಲು ಗಂಟೆ, ಒಂದು ಗಂಟೆ ಹೋದ ಮೇಲೆ ಕ್ರುವಾ ದು ಬೊನೊಮ್ ಎಂಬ ಇನ್ನೊಂದು ಪಾಸ್ ಬರುತ್ತದೆ, ಅದರ ಕೆಳಗೆ ವಸತಿಗೃಹ. ಆತ ಹೇಳಿದ್ದು ಎರಡನೆಯದನ್ನು, ನಾವು ನಿಂತದ್ದು ಮೊದಲನೆಯದರಲ್ಲಿ. ಬೆವರಿನಲ್ಲಿ ನೆನೆದ ಅಂಗಿಯ ಮೇಲೆ ಗಾಳಿ ಬಡಿಯುತ್ತಿತ್ತು. ನಲವತ್ತು ನಿಮಿಷ ಕಾದೆವು. ಜಾಕೆಟ್ ತೆಗೆಯೋಣವೆಂದು ಚೀಲದ ಜಿಪ್ ಹಿಡಿದರೆ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಕೊನೆಗೆ ಜಿಪ್ಪಿನ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದೆ. ಆ ದಾರಿಯಲ್ಲಿ ಬಂದ ವಯಸ್ಸಾದ ಫ್ರೆಂಚ್ ದಂಪತಿ ನಮ್ಮನ್ನು ನೋಡಿ, ಏನೂ ಕೇಳದೆ, ಒಬ್ಬರು ಮುಂದೆ ಒಬ್ಬರು ಹಿಂದೆ ನಿಂತು ವಸತಿಗೃಹದವರೆಗೆ ನಡೆಸಿಕೊಂಡು ಹೋದರು. ಗೈಡ್ ಅಲ್ಲಿ ಸೂಪು ಕುಡಿಯುತ್ತಿದ್ದ. ನೀವು ತೀರಾ ನಿಧಾನ ಎಂದ.

ಊರಿಗೆ ಬಂದ ಮೇಲೆ ವಿಚಾರಿಸಿದಾಗ ಆತನಲ್ಲಿದ್ದದ್ದು ಅಥ್ಲೆಟಿಕ್ಸ್ ತರಬೇತುದಾರನ ಚೀಟಿ ಎಂದು ತಿಳಿಯಿತು. ಬೆಟ್ಟದ್ದು ಯಾವುದೂ ಇರಲಿಲ್ಲ. ಕಂಪನಿಯವರು ಹಣವನ್ನೂ ಕೊಡಲಿಲ್ಲ, ಸರಿಯಾದ ಉತ್ತರವನ್ನೂ ಕೊಡಲಿಲ್ಲ.

ಮರುವರ್ಷ ಹಟಕ್ಕೆ ಬಿದ್ದು ಮತ್ತೆ ಹೋದೆವು, ನಾವಿಬ್ಬರೇ, ಯುಐಎಂಎಲ್‌ಎ ಬ್ಯಾಡ್ಜ್ ಇದ್ದ, ಸ್ವತಃ ಓಡುವ ಒಬ್ಬ ಮಹಿಳಾ ಲೀಡರ್‌ನೊಂದಿಗೆ. ಹೊರಡುವ ಹಿಂದಿನ ಸಂಜೆ ಅವರು ಲೆ ಹೂಶ್‌ನಲ್ಲಿ ನಮ್ಮ ಚೀಲಗಳನ್ನು ಬೆಂಚಿನ ಮೇಲೆ ಸುರಿಸಿದರು. ನನ್ನ ಜಾಕೆಟ್ಟನ್ನು ಒಳಮಗ್ಗುಲಾಗಿ ತಿರುವಿ, ಹೊಲಿಗೆಗಳ ಮೇಲೆ ಅಂಟುಪಟ್ಟಿ ಇದೆಯೇ ಎಂದು ಹೆಬ್ಬೆರಳಿನಿಂದ ಸವರುತ್ತ ಹೋಗಿ, ಗೆಳತಿಯದನ್ನು ಪಕ್ಕಕ್ಕಿಟ್ಟು, ಇದು ಗಾಳಿಗೆ ಸರಿ, ಮಳೆಗೆ ಅಲ್ಲ ಎಂದರು. ಕೈಗವಸುಗಳನ್ನು ಚೀಲದ ತಳದಿಂದ ತೆಗೆದು ಎದೆಯ ಪಕ್ಕದ ಜೇಬಿಗೆ ಹಾಕಿಸಿದರು. ನಾನು ಏನೂ ಹೇಳಿರಲಿಲ್ಲ. ಆದರೂ ಆ ಹಲ್ಲಿನಿಂದ ಎಳೆದ ಜಿಪ್ಪು ನೆನಪಾಗಿ ನಗು ಬಂತು.

ಇನ್ನೊಂದನ್ನು ಹೇಳಲೇಬೇಕು. ಮೂರನೆಯ ದಿನ ಕೂರ್ಮಾಯೋರ್‌ನಿಂದ ತಡವಾಗಿ ಹೊರಟು, ಇಟಲಿಯ ಫೆರ್ರೆ ಕಣಿವೆಯ ಮೇಲಿರುವ ಬೊನಾಟ್ಟಿ ವಸತಿಗೃಹಕ್ಕೆ ಮಧ್ಯಾಹ್ನ ಒಂದು ಗಂಟೆಗೆ ತಲುಪಿದೆವು. ಮುಂದೆ 2,537 ಮೀಟರಿನ ಗ್ರಾಂಡ್ ಕೋಲ್ ಫೆರ್ರೆ ದಾಟಿ ಸ್ವಿಟ್ಜರ್‌ಲೆಂಡಿಗೆ ಇಳಿಯಬೇಕಿತ್ತು. ಸಂಜೆ ಗುಡುಗು ಬರಬಹುದೆಂಬ ಮುನ್ಸೂಚನೆ ಇದೆ, ಇಂದು ಇಲ್ಲಿಯೇ ಉಳಿಯೋಣ ಎಂದು ಅವರು ನಿರ್ಧರಿಸಿದರು. ಅದೃಷ್ಟಕ್ಕೆ ಯಾರೋ ರದ್ದು ಮಾಡಿದ್ದ ಮೂರು ಹಾಸಿಗೆಗಳು ಸಿಕ್ಕವು. ಗುಡುಗು ಬರಲಿಲ್ಲ. ಸಂಜೆ ಎಂಟರವರೆಗೂ ಎದುರಿನ ಗ್ರಾಂದ್ ಜೋರಾಸ್ ಶಿಖರಗಳು ಕಂಚಿನ ತಟ್ಟೆಯಂತೆ ಹೊಳೆಯುತ್ತಿದ್ದವು, ನಾವಿಬ್ಬರೂ ಮುಖ ಊದಿಸಿಕೊಂಡು ಕುಳಿತಿದ್ದೆವು. ಅವರು ಸಮಜಾಯಿಷಿ ಕೊಡಲಿಲ್ಲ, ಬೆಳಿಗ್ಗೆ ಐದೂವರೆಗೆ ಹೊರಡೋಣ ಎಂದಷ್ಟೇ ಹೇಳಿ ಮಲಗಿದರು. ನೀವು ಗೈಡ್‌ಗೆ ಹಣ ಕೊಡುವುದು ಯಾವುದಕ್ಕೆ ಎಂದು ಕೇಳಿದ್ದೀರಲ್ಲ, ಆ ಸಂಜೆಗೆ ಕೊಡುವುದು. ನಾವಿಬ್ಬರೇ ಇದ್ದಿದ್ದರೆ ಖಂಡಿತ ಹೋಗಿರುತ್ತಿದ್ದೆವು, ಅಂದು ಬದುಕಿಯೂ ಇರುತ್ತಿದ್ದೆವು, ಹಾಗಾಗಿ ಮುಂದಿನ ಸಲವೂ ಹಾಗೆಯೇ ಹೋಗುತ್ತಿದ್ದೆವು.

ಉತ್ತರ 3: ಕೊಡಚಾದ್ರಿ ಏರು (ಬೆಂಗಳೂರು)

ಇಬ್ಬರ ಮಾತಿಗೂ ಗೌರವವಿದೆ, ಆದರೆ ನನ್ನದು ಭಿನ್ನ ಅಭಿಪ್ರಾಯ. ಎರಡು ವರ್ಷಗಳ ಹಿಂದೆ ಸೆಪ್ಟೆಂಬರ್ ಆರಂಭದಲ್ಲಿ ಈ ಸುತ್ತನ್ನು ನಾನು ಗೈಡ್ ಇಲ್ಲದೆ ಆರು ದಿನಗಳಲ್ಲಿ ಮುಗಿಸಿದೆ. ಮೂರೂ ದೇಶಗಳಲ್ಲಿ ಫಲಕಗಳು ಸ್ಪಷ್ಟವಾಗಿವೆ. ಸ್ವಿಟ್ಜರ್‌ಲೆಂಡಿನಲ್ಲಿ ಬಿಳಿ-ಕೆಂಪು-ಬಿಳಿ ಪಟ್ಟಿ ಇದ್ದರೆ ಬೆಟ್ಟದ ಕಾಲುದಾರಿ, ಬಿಳಿ-ನೀಲಿ-ಬಿಳಿ ಇದ್ದರೆ ಕೈಕಾಲು ಎರಡನ್ನೂ ಬಳಸಬೇಕಾಗಬಹುದಾದ ಆಲ್ಪೈನ್ ದಾರಿ ಎಂದು ಬಣ್ಣವೇ ಹೇಳಿಬಿಡುತ್ತದೆ. ನಿಮ್ಮ ಮಾರ್ಗದಲ್ಲಿ ಎರಡನೆಯ ಬಣ್ಣ ಕಂಡರೆ ದಾರಿ ತಪ್ಪಿದ್ದೀರಿ ಎಂದೇ ಅರ್ಥ. ಫಲಕದ ಮೇಲೆ ಬರೆದ ಸಮಯ ವಿಶ್ರಾಂತಿಯಿಲ್ಲದೆ ನಡೆಯುವವರದ್ದು. ಮೊದಲ ದಿನ ಅದಕ್ಕೆ ಹೋಲಿಸಿ ನೋಡಿದರೆ ನಿಮ್ಮ ವೇಗದ ಅನುಪಾತ ತಿಳಿಯುತ್ತದೆ, ಉಳಿದ ದಿನಗಳ ಲೆಕ್ಕ ಅದರ ಮೇಲೆಯೇ ಮಾಡಿಕೊಳ್ಳಬಹುದು.

ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರಿಗೆ ಏರಿನಲ್ಲಿ ಹೊಸತೇನೂ ಇಲ್ಲ. ಕುಕ್ಕೆಯಿಂದ 1,712 ಮೀಟರಿನ ಶಿಖರದವರೆಗಿನ ಏರು ಮಾಂಟ್ ಬ್ಲಾಂಕ್ ಸುತ್ತಿನ ಯಾವುದೇ ಪಾಸಿನ ಏರಿಗಿಂತ ಕಡಿಮೆಯದಲ್ಲ, ನಡುದಾರಿಯ ಗಿರಿಗದ್ದೆಯವರೆಗಿನ ಸೆಕೆಯಂತೂ ಆ ಸುತ್ತಿನಲ್ಲಿ ಕನಸಿನಲ್ಲಿಯೂ ಇರದು. ನನ್ನ ಸಲಹೆ: ಐದೂ ದಿನಕ್ಕೆ ಗೈಡ್ ಬೇಡ. ಮೊದಲ ಒಂದು ಅಥವಾ ಎರಡು ದಿನಕ್ಕೆ ಮಾತ್ರ ಒಬ್ಬರನ್ನು ಇಟ್ಟುಕೊಂಡು, ಹಿಮದ ತುಂಡು ದಾಟುವುದು, ಪೋಲ್ (ಊರುಗೋಲು) ಹಿಡಿದು ಇಳಿಯುವುದು, ಆಕಾಶ ಓದುವುದು ಇಷ್ಟನ್ನು ಕಲಿತು ಮುಂದೆ ನೀವೇ ಹೋಗಿ. ಶಾಂಪೆ ಊರಿನ ಆಚೆ ಫೆನೆತ್ರ್ ದಾರ್ಪೆತ್ ಎಂಬ ಕಲ್ಲುಗುಂಡುಗಳ ಎತ್ತರದ ದಾರಿಯ ಆಸೆ ಬೇಡ. ಬೊವಿನ್ ಹುಲ್ಲುಗಾವಲಿನ ದಾರಿ ಸಾಕು. ಕೊನೆಯ ದಿನ ಅರ್ಜಾಂತಿಯೇರ್ ಮೇಲೆ ಕಬ್ಬಿಣದ ಏಣಿಗಳು ಬರುತ್ತವೆ, ಎತ್ತರದ ಭಯವಿದ್ದರೆ ಮೊಂತೆ ಪಾಸಿನ ಕಡೆಯಿಂದ ಬಳಸಿ ಹೋಗಬಹುದು.

ಉತ್ತರ 4: ಲೆಮಾನ್ ತೀರ (ಲೋಸಾನ್)

ಕೊಡಚಾದ್ರಿಯವರೇ, ಮೊದಲೆರಡು ದಿನಕ್ಕೆ ಗೈಡ್ ಎಂಬ ನಿಮ್ಮ ಸಲಹೆ ನಾನು ಬರೆದದ್ದಕ್ಕಿಂತ ಚೆನ್ನಾಗಿದೆ, ಒಪ್ಪುತ್ತೇನೆ. ಕುಮಾರ ಪರ್ವತದ ಹೋಲಿಕೆಯನ್ನು ಮಾತ್ರ ಒಪ್ಪಲಾರೆ. ಅಲ್ಲಿ ನಮ್ಮನ್ನು ಕಾಡುವುದು ಸೆಕೆ, ನೀರು, ಜಿಗಣೆ. ಸುಸ್ತಾಗಿ ಕುಳಿತರೆ ಸುಧಾರಿಸಿಕೊಳ್ಳುತ್ತೇವೆ. ಇಲ್ಲಿ ಸುಸ್ತಾಗಿ ಕುಳಿತವನಿಗೆ ಅಪಾಯ ಕುಳಿತ ಮೇಲೆ ಶುರುವಾಗುತ್ತದೆ. 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸು ಪ್ರಾಂತ್ಯದ 100 ಕಿಲೋಮೀಟರ್ ಬೆಟ್ಟದೋಟದಲ್ಲಿ ಆಲಿಕಲ್ಲು, ಹೆಪ್ಪುಗಟ್ಟಿಸುವ ಮಳೆ, ಬಿರುಗಾಳಿ ಒಮ್ಮೆಗೇ ಎರಗಿ 172 ಓಟಗಾರರಲ್ಲಿ 21 ಜನ ತೀರಿಕೊಂಡರು. ಅವರಲ್ಲಿ ಆ ದೇಶದ ಅತ್ಯುತ್ತಮ ದೂರದೋಟಗಾರರೂ ಇದ್ದರು. ಸಾಮರ್ಥ್ಯದ ಕೊರತೆ ಅಲ್ಲಿ ಕಾರಣವಾಗಿರಲಿಲ್ಲ, ಬಹಳಷ್ಟು ಜನರ ಮೈಮೇಲೆ ತೆಳು ಬಟ್ಟೆಯಿತ್ತು.

ಓಟಗಾರರ ಹಗುರತನ ಇಲ್ಲಿಯೂ ತಂಟೆ ತಂದಿದೆ. 2017ರ ಆಗಸ್ಟ್‌ನಲ್ಲಿ ಓಟದ ಉಡುಪಿನಲ್ಲೇ ಮಾಂಟ್ ಬ್ಲಾಂಕ್ ಶಿಖರದತ್ತ ಹೋಗಿದ್ದ ಒಬ್ಬರು ಬಿದ್ದು ತೀರಿಕೊಂಡ ನಂತರ, ಬೆಟ್ಟದ ಬುಡದ ಸಾಂ ಜರ್ವೆ ಊರಿನ ಮೇಯರ್, ಶಿಖರಕ್ಕೆ ಹೋಗುವ ಗೂಟೆ ಮಾರ್ಗದಲ್ಲಿ ಹಗ್ಗ, ಕ್ರ್ಯಾಂಪಾನ್, ಐಸ್ ಆ್ಯಕ್ಸ್ ಮುಂತಾದ ಸಾಮಗ್ರಿಗಳು ಕಡ್ಡಾಯವೆಂದು ಆದೇಶ ಹೊರಡಿಸಿದರು. 2013ರಲ್ಲಿ ಹೆಸರಾಂತ ಬೆಟ್ಟದೋಟಗಾರ ಕಿಲಿಯನ್ ಜೋರ್ನೆಟ್ ಶಾಮೊನಿಯ ಚರ್ಚಿನಿಂದ ಶಿಖರಕ್ಕೆ ಹೋಗಿ ಐದು ಗಂಟೆಯೊಳಗೆ ಮರಳಿದ್ದನ್ನು ನೋಡಿ ಹುರುಪುಗೊಳ್ಳುವವರು, ಆತ ಪಿರನೀಸ್ ಪರ್ವತಗಳಲ್ಲಿ ಚಿಕ್ಕಂದಿನಿಂದಲೇ ಬೆಟ್ಟ ಹತ್ತುತ್ತ ಬೆಳೆದವನು ಎಂಬುದನ್ನು ಗಮನಿಸುವುದಿಲ್ಲ. ನಿಮ್ಮ ಸುತ್ತುದಾರಿ ಇಷ್ಟು ಎತ್ತರಕ್ಕೆ ಹೋಗುವುದಿಲ್ಲ ನಿಜ. ಆದರೆ ಅಲ್ಲಿಗೆ ಹೋದವರಿಗೆ ‘ಒಂದು ದಿನ ಮೇಲೆಯೂ ಹೋಗಿಬಿಡೋಣ’ ಎನ್ನಿಸುವುದುಂಟು. ಅದಕ್ಕೆ ಬೇಕಾದದ್ದು ಹೈ ಮೌಂಟನ್ ಗೈಡ್, ಬೇರೆ ಶೂ, ಬೇರೆ ತಯಾರಿ.

ಶರಾವತಿಯವರು ಬರೆದ ಬೊನಾಟ್ಟಿಯ ಸಂಜೆಯನ್ನು ಓದಿ ಹಳೆಯ ಕತೆಯೊಂದು ನೆನಪಾಯಿತು. ಮಾಂಟ್ ಬ್ಲಾಂಕನ್ನು ಮೊದಲು ಏರಿದ್ದು 1786ರಲ್ಲಿ. 1820ರಲ್ಲಿ ಹಾಮೆಲ್ ಎಂಬ ವೈದ್ಯನ ತಂಡ ಹೊರಟಾಗ ಹವಾಮಾನ ಕೆಟ್ಟಿತ್ತು. ಗೈಡ್‌ಗಳು ಹಿಂಜರಿದರೂ ಕರೆದವರ ಒತ್ತಾಯಕ್ಕೆ ಮುಂದುವರಿದರೆಂದು ಇಲ್ಲಿ ಹೇಳುತ್ತಾರೆ. ಹಿಮಕುಸಿತದಲ್ಲಿ ಮೂವರು ಗೈಡ್‌ಗಳು ಕೊಚ್ಚಿಹೋದರು. ಮರುವರ್ಷವೇ, 1821ರಲ್ಲಿ, ಶಾಮೊನಿಯ ಗೈಡ್‌ಗಳ ಕಂಪನಿ ಸ್ಥಾಪನೆಯಾಯಿತು, ಇಂದಿಗೂ ಅದು ನಡೆಯುತ್ತಿದೆ. ಸತ್ತವರ ಅವಶೇಷಗಳನ್ನು ಬೊಸ್ಸೊಂ ಹಿಮನದಿ ನಲವತ್ತೊಂದು ವರ್ಷಗಳ ನಂತರ, 1861ರಲ್ಲಿ, ಕೆಳಗೆ ತಂದು ಹಾಕಿತು. ಹಿಂತಿರುಗುವ ತೀರ್ಮಾನ ಗೈಡ್‌ನದ್ದು ಎಂಬ ಮಾತನ್ನು ಇಲ್ಲಿನವರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ನೀವು ಬರೆಯುವ ಪತ್ರದಲ್ಲಿಯೂ ಅದನ್ನು ಒಂದು ಸಾಲಿನಲ್ಲಿ ಒಪ್ಪಿಕೊಂಡುಬಿಡಿ. ಅಲ್ಲದೆ, ಹವಾಮಾನದಿಂದ ದಿನವೊಂದು ರದ್ದಾದರೆ ಹಣದ ಲೆಕ್ಕ ಹೇಗೆ ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ.

ಮರುಪ್ರಶ್ನೆ: ನಂದಿಮೆಟ್ಟಿಲು (ಬೆಂಗಳೂರು)

ಎಲ್ಲರಿಗೂ ಕೃತಜ್ಞತೆಗಳು. ಇವನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಜಿಪ್ಪು ಕಚ್ಚಿದ ಭಾಗವನ್ನು ಬಿಟ್ಟು ಓದಿದ್ದು ತಂಗಿಗೆ ಮಾತ್ರ ಗೊತ್ತು. ದಿನಾಂಕವನ್ನು ಸೆಪ್ಟೆಂಬರ್ ಮೊದಲ ವಾರಕ್ಕೆ ಬದಲಿಸಿದ್ದೇವೆ, ಮೊದಲೆರಡು ದಿನಕ್ಕೆ ಮೌಂಟನ್ ಲೀಡರ್ ಒಬ್ಬರನ್ನು ಹುಡುಕುತ್ತಿದ್ದೇವೆ. ಎರಡು ಸಂಶಯಗಳು ಉಳಿದಿವೆ. ನಮ್ಮ ವೇಗವನ್ನು ಅವರಿಗೆ ಹೇಗೆ ತಿಳಿಸುವುದು? ಹತ್ತು ಕಿಲೋಮೀಟರ್ ಓಟದ ಸಮಯ ಹೇಳಿದರೆ ಸಾಕೆ? ಹಾಗೆಯೇ, ವೀಸಾಕ್ಕೆ ಮಾಡಿಸುವ ಪ್ರಯಾಣ ವಿಮೆ ಬೆಟ್ಟದಲ್ಲಿ ಕೆಲಸಕ್ಕೆ ಬರುತ್ತದೆಯೇ?

ಉತ್ತರ 5: ಶರಾವತಿ ಹಿನ್ನೀರು (ಮ್ಯೂನಿಕ್)

ರಸ್ತೆಯ ಸಮಯದಿಂದ ಅವರಿಗೆ ಏನೂ ತಿಳಿಯದು. ಇಲ್ಲಿ ಕೇಳುವುದು, ಗಂಟೆಗೆ ಎಷ್ಟು ಮೀಟರ್ ಎತ್ತರ ಏರುತ್ತೀರಿ ಎಂದು. ನಡೆಯುವವರು ಸಾಧಾರಣವಾಗಿ 300ರಿಂದ 400 ಮೀಟರ್ ಏರುತ್ತಾರೆ. ನೀವು ನಂದಿಯ ಮೆಟ್ಟಿಲುಗಳನ್ನು ಹತ್ತಿಳಿಯುವಾಗ ಮೊದಲ ಏರಿನ ಅಂಕಿಯನ್ನು ಕೊಡಬೇಡಿ, ನಾಲ್ಕನೆಯ ಏರಿನದ್ದನ್ನು ಕೊಡಿ. ಬೆನ್ನಿಗೆ ಅಲ್ಲಿ ಹೊರುವಷ್ಟೇ ಭಾರ ಇರಲಿ. ನಿಮ್ಮಿಬ್ಬರ ಅಂಕಿಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ಇಳಿವಿನಲ್ಲಿ ಯಾರಿಗೆ ಮೊಣಕಾಲು ನೋವು, ಯಾರಿಗೆ ಭಯ ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ಐದು ದಿನಗಳ ಓಟ ಕೆಡುವುದು ಹೆಚ್ಚಾಗಿ ಇಳಿವಿನಲ್ಲಿ, ತೊಡೆಯ ಮುಂಭಾಗದ ಸ್ನಾಯುಗಳು ಸೋತ ಮೇಲೆ.

ಉತ್ತರ 6: ತುಂಗಾ ದಂಡೆ (ಜಿನೀವಾ)

ವಿಮೆಯ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಮೂರೂ ದೇಶಗಳು ಷೆಂಗೆನ್ ವ್ಯಾಪ್ತಿಯಲ್ಲಿರುವುದರಿಂದ ಒಂದೇ ವೀಸಾ ಸಾಕು, ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಆದರೆ ಅಂಥ ಹಲವು ಪಾಲಿಸಿಗಳಲ್ಲಿ ಸಾಹಸ ಚಟುವಟಿಕೆಗಳನ್ನು ಹೊರಗಿಟ್ಟಿರುತ್ತಾರೆ. ಬೆಟ್ಟದಲ್ಲಿ ಓಡುವುದು, ಅದೂ 2,500 ಮೀಟರಿಗಿಂತ ಮೇಲೆ, ಹೆಲಿಕಾಪ್ಟರ್ ಪಾರುಗಾಣಿಕೆ ಸಹಿತ ಸೇರಿದೆಯೇ ಎಂದು ಪಾಲಿಸಿಯ ಬರಹದಲ್ಲಿಯೇ ನೋಡಿ, ಏಜೆಂಟರ ಬಾಯಿಮಾತು ಸಾಲದು. ಫ್ರಾನ್ಸಿನ ಬೆಟ್ಟಗಳಲ್ಲಿ ಸರ್ಕಾರಿ ಪಾರುಗಾಣಿಕಾ ದಳ ಸಾಮಾನ್ಯವಾಗಿ ಉಚಿತವಾಗಿ ಬರುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಹೆಲಿಕಾಪ್ಟರ್ ಬಂದರೆ ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ, ಅದು ಸಣ್ಣ ಮೊತ್ತವಲ್ಲ. ಗೈಡ್‌ನ ವಿಮೆ ಅವರ ತಪ್ಪಿನಿಂದಾದ ಹಾನಿಗೆ ಸಂಬಂಧಿಸಿದ್ದು. ನಿಮ್ಮ ಕಾಲು ಉಳುಕಿದರೆ ಅದು ನಿಮ್ಮನ್ನು ಕಾಯುವುದಿಲ್ಲ.

ಮೂರೂ ದೇಶಗಳಲ್ಲಿ 112 ನಡೆಯುತ್ತದೆ. ನೀವು ಹಾದುಹೋಗುವ ಸ್ವಿಸ್ ಭಾಗವಾದ ವಾಲೆಯಲ್ಲಿ ನೇರವಾಗಿ 144ಕ್ಕೆ ಕರೆ ಮಾಡುವುದು ವಾಡಿಕೆ. ಹೆಲಿಕಾಪ್ಟರ್ ತಲೆಯ ಮೇಲೆ ಬಂದಾಗ ಸಹಾಯ ಬೇಕಿದ್ದರೆ ಎರಡೂ ಕೈಗಳನ್ನು ಓರೆಯಾಗಿ ಮೇಲೆತ್ತಿ ನಿಲ್ಲಿ. ಬೇಡವಾದರೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಖುಷಿಗೆ ಎರಡೂ ಕೈ ಬೀಸಿ ಅವರನ್ನು ಇಳಿಸಿಕೊಂಡವರಿದ್ದಾರೆ. ಯುರೋಪಿನ ಸಿಮ್ ಕೊಳ್ಳುವಾಗ ಸ್ವಿಟ್ಜರ್‌ಲೆಂಡ್ ಸೇರಿದೆಯೇ ನೋಡಿಕೊಳ್ಳಿ, ಹಲವು ಯೋಜನೆಗಳಲ್ಲಿ ಸೇರಿರುವುದಿಲ್ಲ. ಲೆ ಶಾಪಿಯೂ ಕಣಿವೆಯಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ.

ಕೊನೆಯ ಮಾತು: ನಂದಿಮೆಟ್ಟಿಲು (ಬೆಂಗಳೂರು)

ಇಬ್ಬರು ಲೀಡರ್‌ಗಳಿಗೆ ಬರೆದಿದ್ದೆ. ಒಬ್ಬರು ಎರಡು ಗಂಟೆಯೊಳಗೆ ದರ, ಬ್ಯಾಂಕ್ ಖಾತೆಯ ವಿವರ ಮತ್ತು ಒಂದು ನಗುವಿನ ಚಿಹ್ನೆ ಕಳಿಸಿದರು. ಚೀಟಿಯ ಸಂಖ್ಯೆ ಕೇಳಿದ ಮೇಲೆ ಉತ್ತರವಿಲ್ಲ. ಇನ್ನೊಬ್ಬರು ನಾಲ್ಕು ದಿನ ತಡಮಾಡಿ, ಸಂಖ್ಯೆಯೊಂದಿಗೆ ಹನ್ನೊಂದು ಪ್ರಶ್ನೆಗಳನ್ನು ಕಳಿಸಿದ್ದಾರೆ: ನಾಲ್ಕನೆಯ ಏರಿನಲ್ಲಿ ಗಂಟೆಗೆ ಎಷ್ಟು ಮೀಟರ್, ಮಳೆಯಲ್ಲಿ ಎಷ್ಟು ಹೊತ್ತು ಓಡಿದ್ದೀರಿ, ಇಬ್ಬರಲ್ಲಿ ಸುಸ್ತಾದಾಗ ಮೌನವಾಗುವವರು ಯಾರು, ಹೀಗೆ. ಕೊನೆಯ ಪ್ರಶ್ನೆಗೆ ನಾವಿಬ್ಬರೂ ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಿ ಜಗಳವಾಡಿದೆವು. ಸಂಖ್ಯೆಯನ್ನು ಸರ್ಕಾರದ ತಾಣದಲ್ಲಿ ನೋಡಿದೆ, ಸರಿಯಾಗಿದೆ. ಇವರನ್ನೇ ಗೊತ್ತುಮಾಡುತ್ತಿದ್ದೇವೆ. ನಮ್ಮ ಶೂಗಳ ಅಡಿಭಾಗದ ಚಿತ್ರವನ್ನೂ ಕೇಳಿದ್ದಾರೆ. ಮೊನ್ನೆಯ ಸ್ಕಂದಗಿರಿಯ ಕೆಸರು ಇನ್ನೂ ಅಂಟಿಕೊಂಡಿದೆ, ತೊಳೆದು ಒಣಗಿಸಿ ನಾಳೆ ಕಳಿಸುತ್ತೇನೆ.